ಗುಂಡಿಯಲ್ಲೊಂದು ಕುರ್ಚಿ

ಮಾರ್ಚಿನಲ್ಲಿ ನೀರಿನವರು ಬಂದರು,
ಕಿತ್ತಳೆ ಬಣ್ಣದ ಅಂಗಿ, ಮೂರು ಜನ.
ಒಬ್ಬ ಅಗೆದ. ಒಬ್ಬ ಅಗೆಯುವವನನ್ನು ನೋಡಿದ.
ಇನ್ನೊಬ್ಬ ನೋಡುವವನನ್ನು ನೋಡಿದ.
ಪೈಪಿಗೆ ಪಟ್ಟಿ ಸುತ್ತಿ, ಸಿಗರೇಟು ಹೊಸಕಿ ಹೊರಟರು.
ಗುಂಡಿ ಉಳಿಯಿತು.

ಟಿಬಿಲಿಸಿಯ ಈ ತುದಿಯಲ್ಲಿ, ಗ್ಲದಾನಿಯಲ್ಲಿ,
ನಮ್ಮ ಒಂಬತ್ತು ಮಹಡಿಗೆ ಬಾಗಿಲು ಒಂದೇ.
ಗುಂಡಿ ಅದರೆದುರಿಗೇ.

ಎರಡನೇ ರಾತ್ರಿ ರೊಟ್ಟಿ ತರಲು ಹೊರಟ ಜುಂಬೆರ್
ತೊಡೆಯವರೆಗೆ ಇಳಿದು ಮೇಲೆ ಬಂದ.
ಯಾರನ್ನೂ ಬೈಯಲಿಲ್ಲ. ಮನೆಗೆ ಹೋಗಿ
ಊಟದ ಮೇಜಿನ ಕುರ್ಚಿ ತಂದು ಒಳಗೆ ಇಳಿಸಿದ.
ಬೆನ್ನಿನ ತುದಿ ಮಾತ್ರ ಹೊರಗೆ;
ಅದಕ್ಕೆ ಹೆಂಡತಿಯ ಕೆಂಪು ಸ್ಕಾರ್ಫು.
ನಾಝಿಕೋ ಹೇಳಿದಳು: ಒಂದು ವಾರ ಅಷ್ಟೇ.
ಆರರ ಜೊತೆ ಅದು, ಬಿಡಿಯಾಗಿ ಸಿಗುವುದಿಲ್ಲ.

ಫೋನು ಮಾಡಿದ್ದು ನಾನು.
ಹನ್ನೊಂದು ನಿಮಿಷ ಪಿಟೀಲು ಕೇಳಿಸಿದರು.
ಆಮೇಲೊಂದು ಎಳೆಯ ದನಿ, ಬೆಣ್ಣೆಯಷ್ಟು ನಯ:
'ಗುಂಡಿ ನೀರಿನವರದ್ದಾ, ರಸ್ತೆಯವರದ್ದಾ ಅಮ್ಮಾ?'
ನೀರಿನವರು ಅಂದರು: ಪೈಪು ನಮ್ಮದು, ಮಣ್ಣು ನಮ್ಮದಲ್ಲ.
ರಸ್ತೆಯವರು ಅಂದರು: ಡಾಂಬರು ನಮ್ಮದು,
ಡಾಂಬರೇ ಇಲ್ಲದ ಜಾಗ ನಮ್ಮದು ಹೇಗಾದೀತು?
ಹೆತ್ತವರಿಲ್ಲದ ಗುಂಡಿ.
ಅದಕ್ಕೊಂದು ಸಂಖ್ಯೆ ಕೊಟ್ಟರು, ಎಂಟು ಅಂಕಿಯದು.
ಮೊಮ್ಮಗಳ ತೂಕ ಬರೆದಿಟ್ಟ ಪುಟದಲ್ಲೇ
ಅದನ್ನೂ ಬರೆದುಕೊಂಡೆ.

ನಮ್ಮ ಲಿಫ್ಟಿಗೆ ಹತ್ತು ತೆತ್ರಿಯ ನಾಣ್ಯ ತಿನ್ನಿಸಬೇಕು.
ನುಂಗುವುದು ಪ್ರತಿ ಸಲ, ಏರುವುದು ಮನಸ್ಸು ಬಂದಾಗ.
ಎಂಟನೇ ಮಹಡಿಯ ತ್ಸಿಯುರಿ, ಆಲೂಗಡ್ಡೆ ಚೀಲದ ಜೊತೆ,
ನಾಣ್ಯ ಮುಗಿದು, ಉಸಿರೂ ಮುಗಿದು,
ಮೊದಲ ಬಾರಿಗೆ ಆ ಕುರ್ಚಿಯಲ್ಲಿ ಕೂತಳು.
ತಲೆ ನಮ್ಮ ಮೊಣಕಾಲಿಗೆ ಬರುತ್ತಿತ್ತು.
ಹೋಗಿಬರುವವರೆಲ್ಲ ಬಗ್ಗಿ ಮಾತಾಡಿಸಿದರು
ರಾಣಿಯನ್ನು ಮಾತಾಡಿಸಿದ ಹಾಗೆ.
ಬೇಸಗೆ ಬಂತು; ಒಳಗೆ ತಂಪು.
ಸರದಿ ಶುರುವಾಯಿತು.

ನಾನೂ ಕೂತೆ, ಸುಳ್ಳೇಕೆ.
ಈ ಊರಲ್ಲಿ ಟ್ರಾಮ್ ಓಡುತ್ತಿದ್ದಾಗ
ಟಿಕೆಟ್ ಹರಿದವಳು ನಾನು.
'ಚಿಲ್ಲರೆ ಇಲ್ಲವೇ? ಇಳಿ' ಎಂದು
ಹಿಮದಲ್ಲಿ ಇಳಿಸಿದ್ದೆ ಒಬ್ಬ ಹುಡುಗನನ್ನು.
ಕೈಯಲ್ಲಿ ಪಿಟೀಲಿನ ಪೆಟ್ಟಿಗೆ.
ಮುಖ ನೆನಪಿಲ್ಲ. ಪೆಟ್ಟಿಗೆಯ ತುಕ್ಕು ಹಿಡಿದ ಕೊಂಡಿ ನೆನಪಿದೆ.
ಗುಂಡಿಯಿಂದ ಕಾಣುವುದು ಜನರ ಚಪ್ಪಲಿ,
ಕಿಂಡಿಯಿಂದ ಕಾಣುವುದು ಜನರ ಕೈ.
ಇಡಿಯಾಗಿ ಯಾರು ಯಾರನ್ನು ಕಂಡಿದ್ದಾರೆ?

ಜೂನಿನಲ್ಲಿ ಸಂದೇಶ:
ನಿಮ್ಮ ದೂರು ಪರಿಹಾರವಾಗಿದೆ. ಧನ್ಯವಾದ.
ಕಿಟಕಿಯಿಂದ ಬಗ್ಗಿದೆ. ಗುಂಡಿ ಇತ್ತು.
ಗುಂಡಿಯಲ್ಲಿ ಜುಂಬೆರ್ ಇದ್ದ,
ಸೂರ್ಯಕಾಂತಿ ಬೀಜ ಒಡೆಯುತ್ತ.
ಕಚೇರಿಗೆ ಹೋದೆ. ಹುಡುಗಿ ಪರದೆ ತಿರುಗಿಸಿದಳು:
'ನೋಡಿ, ಹಸಿರು.'
ಹಸಿರೇ ಇತ್ತು.
'ನಾಳೆ ಬನ್ನಿ, ಮೇಲಿನವರು ಇರ್ತಾರೆ.'
ದೂರದ ಯಾವುದೋ ಸೀಮೆಯಲ್ಲಿ ದೆವ್ವ ಬಾರದಿರಲೆಂದು
ಬಾಗಿಲ ಮೇಲೆ ಇದೇ ಮಾತು ಬರೆಯುತ್ತಾರಂತೆ.
ದೆವ್ವಕ್ಕೆ ಮಾನ ಇದೆ, ಓದಿ ಹಿಂದಿರುಗುತ್ತದೆ.
ನಾನು ಮರುದಿನವೂ ಹೋದೆ.

ಆಗಸ್ಟಿನ ಒಂದು ಬೆಳಗ್ಗೆ, ಹೇಳದೆ ಕೇಳದೆ, ಲಾರಿ ಬಂತು.
ಇಪ್ಪತ್ತೇ ನಿಮಿಷ. ನಾವು ಇಳಿದು ಬರುವಷ್ಟರಲ್ಲಿ
ಬಿಸಿ ಡಾಂಬರು ಹೊಗೆಯಾಡುತ್ತಿತ್ತು,
ಕಪ್ಪಗೆ, ಮಟ್ಟಸವಾಗಿ,
ಇಡೀ ಅಂಗಳದಲ್ಲಿ ಅಷ್ಟು ಚಂದದ ಜಾಗ ಇನ್ನೊಂದಿಲ್ಲ.
ತ್ಸಿಯುರಿ ಶಿಲುಬೆಯ ಗುರುತು ಮಾಡಿಕೊಂಡಳು.
ಜುಂಬೆರ್ ಬನಿಯನ್ನಿನಲ್ಲೇ ಓಡಿಬಂದ: 'ಕುರ್ಚಿ?'
ಲಾರಿ ತಿರುವು ದಾಟಿತ್ತು.
ಡಾಂಬರಿನ ಅಂಚಿನಲ್ಲಿ, ಕಿರುಬೆರಳಿನಷ್ಟು,
ಕೆಂಪು ಸ್ಕಾರ್ಫಿನ ತುದಿ.

ಈಗ ಮತ್ತೆ ಫೋನು ಹಿಡಿದಿದ್ದೇನೆ. ಅದೇ ಪಿಟೀಲು.
ಜುಂಬೆರ್ ಪಕ್ಕದಲ್ಲಿ ನಿಂತಿದ್ದಾನೆ,
ಕೂರು ಎಂದರೂ ಕೂರದೆ.
ಏನಂತ ಹೇಳಲಿ, ಕೇಳಿದೆ.
'ಅಗೆಯೋಕೆ ಹೇಳು.'