ತ ಇದ್ದಲ್ಲಿ ನ

ಗದಗಿನ ಮುಳಗುಂದ ನಾಕಾದ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ
ದಾವಲಸಾಬ ಮೊಳೆ ಜೋಡಿಸಿದ, ನಾನು ಕರಡು ತಿದ್ದಿದೆ.
ಲಗ್ನಪತ್ರಿಕೆ, ಸೊಸೈಟಿಯ ವರದಿ, ಹತ್ತಿ ದಲಾಲರ ಪಾವತಿ ಪುಸ್ತಕ.
ಅವನ ಬೆರಳಿಗೆ ಸೀಸದ ಕಪ್ಪು, ದವಡೆಗೆ ತಂಬಾಕು.

ಕೆನ್ನೆಯೊಳಗಿನ ಹುಣ್ಣು ಮೂರು ತಿಂಗಳಾದರೂ ಮಾಯಲಿಲ್ಲ.
ಹುಬ್ಬಳ್ಳಿಗೆ ಪ್ಯಾಸೆಂಜರ್ ಹಿಡಿದೆವು.
ಅಣ್ಣಿಗೇರಿ ದಾಟುವತನಕ ಮಾತಿಲ್ಲ.
ಅವನ ತೊಡೆಯ ಮೇಲೆ ಚೀಟಿ, ನನ್ನ ಕೈಯಲ್ಲಿ ಅವನ ಛತ್ರಿ.

ಡಾಕ್ಟರು ಇನ್ನೂ ಹುಡುಗಿ.
ವರದಿಯ ಬೆನ್ನಿಗೆ ಒಂದು ಗುಂಡು ಬರೆದು ಹೇಳಿದಳು:
ಜೀವಕೋಶ ಎರಡಾಗುವ ಮೊದಲು
ತನ್ನ ಬರಹವನ್ನೆಲ್ಲ ನಕಲು ಮಾಡತದ, ಅಜ್ಜಾರ.
ಹದಿನೇಳನೇ ಕ್ರೋಮೋಸೋಮಿನಲ್ಲಿ ಒಂದು ಜೀನು.
ಅದರ ಪ್ರೋಟೀನು ಎಳೆಯ ಮೇಲೆ ಬಂದು ಕೂತು
ಬೇರೆ ಜೀನುಗಳನ್ನು ಎಬ್ಬಿಸತದ:
ತಪ್ಪು ಬಿದ್ದಿದೆ, ತಡೆ, ತಿದ್ದಿದ ಮೇಲೆ ಬಿಡು.
ತಿದ್ದಲಾಗದಷ್ಟು ಕೆಟ್ಟಿದ್ದರೆ
ಕೋಶಕ್ಕೇ ಹೇಳತದ, ನೀನು ಸಾಯಿ ಅಂತ.

“ಸವದ ಮೊಳಿ ಕರಗಸ್ತೀವಲ್ರಿ, ಹಂಗ,” ಅಂದ ದಾವಲಸಾಬ.

ಹಂಗ. ಆದರೆ ಈ ಗಂಟಿನೊಳಗ
ಆ ಜೀನಿನದೇ ಒಂದು ಅಕ್ಷರ ಬದಲಾಗಿದೆ.

“ಒಂದ?”

ಒಂದೇ.

ಬಹಳ ಹೊತ್ತು ಆ ಗುಂಡನ್ನೇ ನೋಡಿದ.
ಉಲ್ಟಾ ಓದಿ ರೂಢಿಯಾದ ಕಣ್ಣು;
ಕಾಗದವನ್ನು ತಿರುಗಿಸಿಯೂ ನೋಡಿದ.
ಆಮೇಲೆ ನನ್ನ ಕಡೆ ಹೊರಳಿ,
“ಮಾಸ್ತರ, ಜಿನ್ನಿಂಗ್ ಮಿಲ್ಲಿನ ಚೀಟಿ ನೆನಪೈತೇನು?
ಕೆಂಪು ದೀಪ ಹತ್ತಿದರೆ ತಡೆ,
ಅಂತಿರಬೇಕಿತ್ತು.”

ನೆನಪಿತ್ತು.
ತ ಇದ್ದಲ್ಲಿ ನ ಬಿದ್ದು
ಕೆಂಪು ದೀಪ ಹತ್ತಿದರೆ ನಡೆ
ಅಂತ ಐನೂರು ಪ್ರತಿ ಹೊರಬಿದ್ದಿದ್ದವು.
ಜೋಡಿಸಿದವ ಅವನು.
ನೋಡಿದೆ, ಸರಿಯಿದೆ, ಅಂತ ಸಹಿ ಹಾಕಿದವ ನಾನು.
ಐನೂರನ್ನೂ ಒಲೆಗೆ ಹಾಕಿ ಮಾಲಕರಿಗೆ ಹೇಳಿರಲಿಲ್ಲ.

ಅವನು ನಗಲು ಹೋದ. ಬಾಯಿ ಅಷ್ಟಗಲ ತೆರೆಯಲಿಲ್ಲ.

ತಿದ್ದುವವನಲ್ಲೇ ತಪ್ಪು ಬಿದ್ದರೆ
ಕೆಂಪು ದೀಪಕ್ಕೆ ಬೆಲೆಯೇನು?
ನಡೆ, ನಡೆ ಅನ್ನುತ್ತ
ಅವನ ಕೆನ್ನೆಯಲ್ಲಿ ಆಗಲೂ ಅಚ್ಚಾಗುತ್ತಿತ್ತು
ಪ್ರತಿಯ ಮೇಲೆ ಪ್ರತಿ, ಯಾರೂ ಕೇಳದ ಆರ್ಡರು.

ಈಗ ಅರ್ಧ ದವಡೆ ಇಲ್ಲ. ಗಂಜಿ ಕುಡಿದು
ಮಧ್ಯಾಹ್ನ ಪ್ರೆಸ್ಸಿಗೆ ಬರುತ್ತಾನೆ.
ಮುಂದಿನ ಕೋಣೆಯಲ್ಲಿ ಆಫ್‌ಸೆಟ್ಟಿನ ಸದ್ದು,
ಹಿಂದೆ ಯಾರಿಗೂ ಬೇಡದ ಮೊಳೆಯ ಕೇಸು.
ಕಲೆತುಹೋದುವನ್ನು ಬೆರಳಲ್ಲೇ ತಡವಿ
ತ ಮನೆಗೆ ತ, ನ ಮನೆಗೆ ನ ಹಾಕುತ್ತಾನೆ.
ಮಾತಾಡುವುದಿಲ್ಲ.

ನಿನ್ನೆ ಒಂದನ್ನು ನನ್ನತ್ತ ಚಾಚಿದ.
ಕನ್ನಡಕ ಒರೆಸಿ ಹಾಕಿಕೊಂಡೆ.
ಬೆಳಕಿಗೆ ಹಿಡಿದು
ಎರಡು ಸಲ ನೋಡಿದೆ.