ನಿಲ್ಲದ ಸಿಪಾಯಿ

ಕಟ್ಟಿನಕೆರೆ ಮಾರ್ಕೆಟ್ಟಿನ ಗುಜರಿಯಲ್ಲಿ
ಮೂವತ್ತು ರೂಪಾಯಿಗೆ ಮೂವರು ಸಿಕ್ಕರು:
ಒಬ್ಬಳು ಕ್ಯಾಪ್ಟನ್, ಒಂದು ಹಸಿರು ಮೋರೆಯ ಜೀವಿ,
ಮತ್ತೆ ಎಡಗೈ ಇಲ್ಲದ ಈ ಸಿಪಾಯಿ.

ಹಗಲೆಲ್ಲ ನನ್ನದು ಹಲ್ಲಿನ ಕೆಲಸ.
ಸಾಲಗಾಮೆ ರಸ್ತೆಯ ಲ್ಯಾಬಿನಲ್ಲಿ ಕೂತು
ಕಂಡಿರದ ಬಾಯಿಗಳಿಗೆ ಹಲ್ಲು ಕಟ್ಟುತ್ತೇನೆ.
ಉಳಿದ ಚೂರು ಅಕ್ರಿಲಿಕ್ಕಿನಲ್ಲಿ
ಇವನಿಗೊಂದು ಕೈ ಬಂತು, ಒಸಡಿನ ಬಣ್ಣದ್ದು.
ಅದರ ಮೇಲೆ ಬೂದಿ, ಬೂದಿಯ ಮೇಲೆ ಬೆಳ್ಳಿ.
ಉಸಿರು ಬಿಗಿಹಿಡಿದು
ಹೆಲ್ಮೆಟ್ಟಿಗೆ ಕೂದಲೆಳೆಯಷ್ಟು ಗೀರು.
ಹೊಳಪು ಜಾಸ್ತಿಯಾಯಿತೆಂದು ಕಾಫಿ ಚರಟ ತಿಕ್ಕಿದೆ.
ಅಷ್ಟು ದೂರದಿಂದ ಬಂದವನ ಬಟ್ಟೆ
ಇಸ್ತ್ರಿ ಮಾಡಿದಂತಿದ್ದರೆ ಯಾರು ನಂಬುತ್ತಾರೆ?

ಗಾಜಿನ ಪೆಟ್ಟಿಗೆಯ ಗ್ರಹಕ್ಕೆ
ಇಟ್ಟಿಗೆ ಪುಡಿ ಜರಡಿ ಹಿಡಿದವನು
ಪಕ್ಕದ ಮನೆಯ ತೌಸೀಫ್, ಏಳನೇ ಕ್ಲಾಸು.
‘ಅಕ್ಕಾ, ಇವ್ನು ಮುಂದೆ ನಿಂತು ಗನ್ನು ಎತ್ತಿರ್ಲಿ.’

ನಿಲ್ಲಿಸಿದೆ. ಬಿದ್ದ.
ನಿಲ್ಲಿಸಿದೆ. ಕ್ಯಾಪ್ಟನ್ನನ್ನೂ ಎಳೆದುಕೊಂಡು ಬಿದ್ದ.
ಮೊಣಕಾಲು ಸಡಿಲ.
ಅಂಟು ಹಾಕಿದರೆ ನಿಂತಾನು,
ಆಮೇಲೆ ಎಂದೂ ಮಡಚಲಾರ.
ಅಂಟಿನ ಮುಚ್ಚಳ ತೆಗೆದು, ಮತ್ತೆ ಹಾಕಿದೆ.

ಹುಡುಗ ಊಟಕ್ಕೆ ಹೋದ ಮೇಲೆ
ಯಾರದೋ ದವಡೆಯ ಹಳೇ ಅಚ್ಚು ಬೋರಲು ಹಾಕಿ
ಬಂಡೆ ಮಾಡಿದೆ, ಇವನನ್ನು ಕೂರಿಸಿದೆ.
ಗನ್ನು ತೊಡೆಯ ಮೇಲೆ.
ಒಂದು ಬೂಟು ಕಳಚಿ
ಹೊಸ ಕೈಗೆ ತಲೆಕೆಳಗಾಗಿ ಕೊಟ್ಟೆ,
ಅದರಡಿ ಚಿಮಟದಲ್ಲಿ ಒಂದು ಮರಳಿನ ಕಾಳು ಇಟ್ಟೆ.
ಹಸಿರು ಮೋರೆಯದು ಕತ್ತು ತಿರುಗಿಸಿ
ಅದನ್ನೇ ನೋಡುವಂತಾಯಿತು, ತಾನಾಗಿ.

ಬೆಳಿಗ್ಗೆ ತೌಸೀಫ್ ಗಾಜಿಗೆ ಮೂಗು ಒತ್ತಿದ.
‘ಯುದ್ಧ ಮುಗೀತಾ?’

‘ಗೊತ್ತಿಲ್ಲ ಕಣೋ.
ಕಲ್ಲು ಚುಚ್ಚುತ್ತಿತ್ತಂತೆ.’