ಅರವತ್ತು ದಿನ

ಅಲ್ ದೈದ್‌ನ ಆಗಸ್ಟು. ಬೆಳಗಿನ ಐದಕ್ಕೇ
ಯಾರೋ ಮುಖದ ಮೇಲೆ ಉಸಿರು ಬಿಟ್ಟಂಥ ಗಾಳಿ.
ಚರ್ಮ ಹೊದಿಸಿದ ಮರದ ಹೆಣ್ಣುಕುದುರೆಯ ಮುಂದೆ
ಮುಬಾರಿಝ್: ಹದಿನಾಲ್ಕು ವರ್ಷದ ಬೀಜದ ಕುದುರೆ,
ಮೋಸ ಗೊತ್ತಿದ್ದೂ ರಂಗಕ್ಕೇರುವ ಹಳೇ ನಟ.

ಹಗ್ಗ ಹಿಡಿದವನು ಪೀರ್‌ಬಾಷಾ.
ಅವನಪ್ಪ ಕುಣಿಗಲ್ಲಿನ ಲಾಯದಲ್ಲಿ ಹುಲ್ಲು ಹಾಕಿದವನು,
ಅಜ್ಜ ಅಲ್ಲೇ ಲಾಳ ಬಡಿದವನು.
ಇವನು ಗದರುವುದಿಲ್ಲ, ಬರೀ ಲೊಚಗುಟ್ಟುತ್ತಾನೆ.
ಅರಬ್ಬಿ ಕುದುರೆಗೆ ಅದು ಹೇಗೋ ತಿಳಿಯುತ್ತದೆ.

ನನ್ನ ಕೈಯಲ್ಲಿ ಬಿಸಿನೀರು ತುಂಬಿದ ತೊಗಲಿನ ಕೊಳವೆ.
ನಲವತ್ತೈದು ಡಿಗ್ರಿ. ತುಸು ಹೆಚ್ಚಾದರೆ ಮುನಿಸು,
ತುಸು ಕಮ್ಮಿಯಾದರೆ ಇಳಿದು ಹೊರಟೇಬಿಡುತ್ತಾನೆ.
ಬಾಲ ಏಳೆಂಟು ಸಲ ಮೇಲೆ ಕೆಳಗೆ ಆಡಿತೋ, ಬಂತು.
ಸೀಸೆಯನ್ನು ಎಳೆಕೂಸಿನ ಹಾಗೆ ಬಟ್ಟೆಯಲ್ಲಿ ಸುತ್ತಿ
ಓಡುತ್ತೇನೆ. ಬಿಸಿಲಿನ ಕಣ್ಣು ಬೀಳಬಾರದು ಅದಕ್ಕೆ.

ಮೈಕ್ರೋಸ್ಕೋಪಿನ ಕೆಳಗೆ
ನೂರಕ್ಕೆ ಮೂವತ್ತೊಂದು ಮುಂದಕ್ಕೆ ಈಜುತ್ತಿವೆ.
ಉಳಿದವು ಗಾಣದೆತ್ತು. ಬಾಲ ಮುರಿದವು,
ತಲೆ ಎರಡಾದವು,
ಹೊರಟದ್ದೆಲ್ಲಿಗೆಂದು ಮರೆತು ನಿಂತವು.
ಮಾರ್ಚಿಯಲ್ಲಿ ಎಪ್ಪತ್ತಿತ್ತು.

ಮಾಲೀಕ ಬು ಗಾನಿಮ್ ಫೋನಿನಲ್ಲಿ:
ಸೂಜಿ ಇಲ್ಲವೇ ಡಾಕ್ಟರೇ, ಜರ್ಮನಿಯದು?
ಸೂಜಿ ಇಲ್ಲ ಸಾಹೇಬರೇ, ಕಾಲ ಇದೆ.
ಇವತ್ತು ಕಂಡದ್ದು ಇವತ್ತಿನದಲ್ಲ,
ಜೂನಿನ ಬೇಗೆಯಲ್ಲಿ ಮೊಳೆತದ್ದು.
ಇವತ್ತು ತಂಪು ಮಾಡಿದರೆ ಅಕ್ಟೋಬರಿಗೆ ಲೆಕ್ಕ.
ಒಂದು ಕಣ ಬಾಲ ಬೆಳೆಸಿಕೊಂಡು ಹೊರಡಲಿಕ್ಕೆ
ಅರವತ್ತು ದಿನ ಬೇಕು, ಹತ್ತಿರ ಹತ್ತಿರ.

ಹಾಗಾಗಿ ಲಾಯಕ್ಕೆ ಎರಡು ದೊಡ್ಡ ಫ್ಯಾನು,
ನೀರಿನ ಮಂಜು, ಒದ್ದೆ ಮರಳಿನ ಹಾಸು.
ನಡೆಸುವುದು ಚಂದ್ರ ಬಂದ ಮೇಲೆ.
ಬಾರ್ಲಿ ಅರ್ಧ. ದಿನಕ್ಕೊಂದು ಬಟ್ಟಲು ಅಗಸೆ.
ಪೀರ್‌ಬಾಷಾ ಅದನ್ನು ಬೇಯಿಸುವಾಗ ನನಗೆ ಗದಗಿನ ಅಡುಗೆಮನೆ,
ಖಡಕ್ ರೊಟ್ಟಿ, ಅಗಸಿ ಹಿಂಡಿ;
ಕುದುರೆಯ ಪಾಲಿನಿಂದ ಒಂದು ಚಿಟಿಕೆ ಕದ್ದದ್ದೂ ಉಂಟು.

ಒಂದು ರಾತ್ರಿ ಲ್ಯಾಬಿನ ಬಾಗಿಲಲ್ಲಿ ನಿಂತ,
ಒಂದು ಕಾಲಿಂದ ಇನ್ನೊಂದು ಕಾಲು ಕೆರೆಯುತ್ತ.
ನನ್ನ ಹತ್ತಿರ ಯಾವತ್ತೂ ಕನ್ನಡ ಆಡುವವನು
ಮನೆಯ ಉರ್ದುವನ್ನೂ ಬಿಟ್ಟು
ಹರುಕು ಅರಬ್ಬಿಯಲ್ಲಿ ಕೇಳಿದ:
ದಕ್ತೂರಾ, ಹಾದಾ... ನಫರ್ ಸೇಮ್ ಸೇಮ್?
ಇದು ಮನುಷ್ಯನಿಗೂ ಹೀಗೇನಾ ಅಂತ.
ಯಾರದ್ದೂ ಅಲ್ಲದ ಭಾಷೆಯಲ್ಲಿ ನಾಚಿಕೆ
ಸ್ವಲ್ಪ ಅಗ್ಗ ಇರಬೇಕು.

ಏಳು ವರ್ಷ. ಅವಳ ರಿಪೋರ್ಟು ಎಲ್ಲ ಸರಿ ಬಂದಿದೆ.
ಇವನದ್ದು ಯಾರೂ ಕೇಳಿಲ್ಲ.
ಇವನು ಮಲಗುವುದು ಜನರೇಟರಿನ ಗೋಡೆಗೆ ಅಂಟಿದ ತಗಡಿನ ಕೋಣೆ.
ಪಕ್ಕದಲ್ಲೇ ಲಾಯ, ಒಳಗೆ ಇಪ್ಪತ್ತಾರು ಡಿಗ್ರಿ.

ಸೇಮ್ ಸೇಮ್, ಅಂದೆ. ಊರಲ್ಲಿ ಒಮ್ಮೆ ಪರೀಕ್ಷೆ ಮಾಡಿಸು,
ಅಲ್ಲಿವರೆಗೆ ತಂಪಲ್ಲಿ ಮಲಗು, ಅಗಸೆ ತಿನ್ನು.
ಎಷ್ಟು ದಿನ?
ಅರವತ್ತೂ ಅಂದೆ.
ರಜೆಗೆ ಮೂವತ್ತೆಂಟಿತ್ತು. ರಜೆ ಮೂವತ್ತು.
ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿದ,
ತಪ್ಪಿ, ಮೊದಲಿಂದ ಎಣಿಸಿದ.
ಆಮೇಲೆ ಕನ್ನಡದಲ್ಲೇ:
"ಕೊನೇ ಎಂಟು ದಿನ ಸಿಗ್ತವೆ ಮೇಡಂ."

ಆ ರಾತ್ರಿ ಫ್ಯಾನಿನ ಕೆಳಗೆ, ಒದ್ದೆ ಮರಳಿನ ಅಂಚಿಗೆ
ಚಾಪೆ ಹಾಸಿದ್ದನ್ನು ನೋಡಿದೆ.
ಮುಬಾರಿಝ್ ತಲೆ ಬಗ್ಗಿಸಿ ಮೂಸಿ, ಗೊರಸೆತ್ತಿ,
ಎರಡು ಹೆಜ್ಜೆ ಆಚೆ ಇಟ್ಟ.
ನಾನು ರಿಜಿಸ್ಟರಿನಲ್ಲಿ ಕುದುರೆಯದ್ದಷ್ಟೇ ಬರೆದೆ.